ಬೆಂಕಿ ಬೆಟ್ಟಕ್ಕೊಂದು ಬಸ್ ಟಿಕೆಟ್!

ಜ್ವಾಲಾಮುಖಿ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ, ಹೇಳಿ ನೋಡೋಣ? ಪರದೆ ತುಂಬ ಕೆಂಪು! ವಿಲನ್ನಿನ ಅಡ್ಡೆ ಢಮಾರ್! ಕಿರುಚಿಕೊಂಡು ಓಡುವ ಜನ, ಬೆನ್ನಟ್ಟಿ ಬರುವ ಬೆಂಕಿಯ ಹೊಳೆ, ಕಡೇ ಗಳಿಗೆಯಲ್ಲಿ ನಾಯಕಿಯ ಕೈ ಹಿಡಿದು ಮೇಲಕ್ಕೆಳೆಯುವ ಹೀರೋ... ಇಷ್ಟಕ್ಕೆ ನಾವು ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದು ಗಂಟಲು ಕಟ್ಟಿಸಿಕೊಂಡವರು.

ಆದರೆ ನಿಜವಾದ, ಜೀವ ಇರುವ, ಹಗಲೂ ರಾತ್ರಿ ಹೊಗೆಯಾಡುವ ಜ್ವಾಲಾಮುಖಿಗೆ ನಮ್ಮ ಕೆಂಪು ಬಸ್ಸಿನ ಹಾಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿ, ಸಂಜೆ ಹೊತ್ತಿಗೆ ರೂಮಿಗೆ ವಾಪಸು ಬರಬಹುದು ಅಂದರೆ ನಂಬ್ತೀರಾ? ನಂಬಲೇಬೇಕು. 2018ರ ಮೇ ತಿಂಗಳಲ್ಲಿ ನಾನು ಹೋಗಿ ಬಂದೆ. ಊರು ಇಟಲಿ ದೇಶದ ಸಿಸಿಲಿ ದ್ವೀಪದ ಕತಾನಿಯಾ. ಬೆಟ್ಟದ ಹೆಸರು ಎಟ್ನಾ. ಯೂರೋಪಿನ ಸಿಡಿಯುವ ಬೆಟ್ಟಗಳಲ್ಲೆಲ್ಲ ಎತ್ತರದ್ದು. ಮೂರು ಸಾವಿರದ ಮುನ್ನೂರು ಮೀಟರಿಗೂ ಮೇಲೆ. ಸರಿಯಾಗಿ ಎಷ್ಟು ಅಂತ ಮಾತ್ರ ಕೇಳಬೇಡಿ. ಪ್ರತಿ ಸಲ ಸಿಡಿದಾಗಲೂ ಅದರ ಎತ್ತರ ಬದಲಾಗುತ್ತೆ!

ಆಗ ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಲು ಹೋಗಿದ್ದ ವಿದ್ಯಾರ್ಥಿ. ಕಿಸೆಯಲ್ಲಿ ದುಡ್ಡು ಲೆಕ್ಕದ್ದು. ಆದರೆ ಸಿನಿಮಾ ಹುಚ್ಚಿಗೆ ಲೆಕ್ಕ ಎಲ್ಲಿದೆ?

ಕಾಲ್‌ಷೀಟ್ ಕೊಡದ ಸ್ಟಾರ್

ಯಾಕೆ ಸಿನಿಮಾ ಅಂದೆ? ಕೇಳಿ. ಈ ಬೆಟ್ಟ ಸಾಮಾನ್ಯ ಬೆಟ್ಟ ಅಲ್ಲ, ಇದು ದೊಡ್ಡ ಸ್ಟಾರ್. ಸಂಭಾವನೆ ಕೇಳೋದಿಲ್ಲ, ಮೇಕಪ್ ಬೇಡ. ಕಾಲ್‌ಷೀಟ್ ಮಾತ್ರ ಯಾರಿಗೂ ಕೊಡೋದಿಲ್ಲ, ಅದಕ್ಕೆ ಮನಸ್ಸು ಬಂದಾಗಲೇ ನಟನೆ!

1923ರಲ್ಲಿ ಎಟ್ನಾ ಸಿಡಿದಾಗ ಫ್ರಾನ್ಸಿನ ನಿರ್ದೇಶಕ ಜ್ಯಾಂ ಎಪ್‌ಸ್ಟೀನ್ ಕ್ಯಾಮೆರಾ ಹೊತ್ತುಕೊಂಡು ಬಂದು ಮೂಕಿ ಚಿತ್ರ ತೆಗೆದ. ಆ ಚಿತ್ರದ ಪ್ರತಿ ಕಳೆದೇ ಹೋಯಿತು ಅಂತ ಜನ ಎಷ್ಟೋ ದಶಕ ಕೈಬಿಟ್ಟಿದ್ದರು. ಈಚೆಗೆ ಸ್ಪೇನಿನ ಕ್ಯಾಟಲೋನಿಯಾದ ಚಿತ್ರಭಂಡಾರದಲ್ಲಿ ಸಿಕ್ಕಿತು. 1948ರಲ್ಲಿ ಲೂಕಿನೋ ವಿಸ್ಕೋಂತಿ ಇದೇ ಬೆಟ್ಟದ ಬುಡದ ಆಚಿ ತ್ರೆತ್ಸಾ ಎಂಬ ಬೆಸ್ತರ ಹಳ್ಳಿಯಲ್ಲಿ, ಒಬ್ಬ ನಟನನ್ನೂ ಕರೆತರದೆ, ಅಲ್ಲಿನ ಬೆಸ್ತರನ್ನೇ ಹಾಕಿಕೊಂಡು, ಅವರ ಆಡುಭಾಷೆಯಲ್ಲೇ 'ಲಾ ತೆರ್ರಾ ತ್ರೇಮಾ' ತೆಗೆದ. 1968ರಲ್ಲಿ ಪಸೋಲಿನಿಯ 'ತಿಯೊರೆಮಾ' ಬಂತು. ಅದರ ಕೊನೆಯಲ್ಲಿ ಫ್ಯಾಕ್ಟರಿಯ ಧಣಿ ಎಲ್ಲವನ್ನೂ ಕೊಟ್ಟು, ಮೈಮೇಲಿನ ಬಟ್ಟೆಯನ್ನೂ ಕಳಚಿ, ಕರಿ ಮರಳಿನ ಮೇಲೆ ಅಲೆಯುತ್ತಾ ಚೀರುತ್ತಾನಲ್ಲ, ಆ ಮರಳು ಎಟ್ನಾದ್ದು! 2005ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಗುರು-ಶಿಷ್ಯರ ಕತ್ತಿ ಕಾಳಗ ನಡೆಯುವ ಬೆಂಕಿ ಗ್ರಹ ನೆನಪಿದೆಯಾ? ಅದರ ಹಿನ್ನೆಲೆಗೆ ಎಟ್ನಾ ನಿಜವಾಗಿ ಸಿಡಿಯುವಾಗ ಹಿಡಿದ ಚಿತ್ರಗಳನ್ನು ಬಳಸಿಕೊಂಡರು.

ಸಿಸಿಲಿಯ ಇನ್ನೊಂದು ಜ್ವಾಲಾಮುಖಿ ಸ್ತ್ರೊಂಬೊಲಿಯದ್ದು ಬಿಡಿ, ಚಿತ್ರಕ್ಕಿಂತ ಚಿತ್ರದ ಹಿಂದಿನ ಕಥೆಯೇ ಹಿಟ್! 1949ರಲ್ಲಿ ನಿರ್ದೇಶಕ ರೊಸ್ಸೆಲ್ಲಿನಿ ಆ ದ್ವೀಪಕ್ಕೆ ಹಾಲಿವುಡ್ ರಾಣಿ ಇಂಗ್ರಿಡ್ ಬರ್ಗ್‌ಮನ್‌ಳನ್ನು ಕರೆದೊಯ್ದ. ಇಬ್ಬರಿಗೂ ಪ್ರೇಮ ಅಂಟಿಕೊಂಡಿತು. ಅವನ ಹಳೆಯ ಗೆಳತಿ, ಮಹಾನಟಿ ಆನ್ನಾ ಮಾನ್ಯಾನಿ ಸುಮ್ಮನೆ ಕೂತಳಾ? ಅಲ್ಲೇ ಪಕ್ಕದ ದ್ವೀಪದಲ್ಲಿ 'ವುಲ್ಕಾನೊ' ಅಂತ ಎದುರಾಳಿ ಚಿತ್ರ ಶುರು! ಎರಡು ದ್ವೀಪ, ಎರಡು ಕ್ಯಾಮೆರಾ, ಇಬ್ಬರು ನಾಯಕಿಯರು. ಅದನ್ನು ಜನ 'ಜ್ವಾಲಾಮುಖಿಗಳ ಯುದ್ಧ' ಅಂತಲೇ ಕರೆದರು. ಆ ಪ್ರೇಮಕ್ಕಾಗಿ ಬರ್ಗ್‌ಮನ್‌ಳನ್ನು ಅಮೆರಿಕದ ಸೆನೆಟ್ಟಿನಲ್ಲಿ ಎದ್ದು ನಿಂತು ಬೈದರು. ಮುಂದೆ ಇದೇ ರೊಸ್ಸೆಲ್ಲಿನಿ ನಮ್ಮ ಇಂಡಿಯಾಕ್ಕೆ ಬಂದು 'ಇಂಡಿಯಾ: ಮಾತೃಭೂಮಿ' ತೆಗೆದದ್ದು, ಇಲ್ಲೂ ಒಂದು ಪ್ರೇಮಪ್ರಕರಣ ಎಬ್ಬಿಸಿದ್ದು ಬೇರೆ ಪುರಾಣ.

ಇಂಥ ಬೆಟ್ಟ ದಿನಾ ಬೆಳಗ್ಗೆ ರೂಮಿನ ಕಿಟಕಿಯಲ್ಲಿ ಹೊಗೆ ಬಿಡ್ತಾ ನಿಂತಿದ್ದರೆ, ಹೋಗದೆ ಇರೋದು ಹೇಗೆ?

ಎಂಟೂಕಾಲರ ಬಸ್ಸು

ಕತಾನಿಯಾದಿಂದ ಎಟ್ನಾದ ದಕ್ಷಿಣ ಮಗ್ಗುಲಿಗೆ ಆಗ ದಿನಕ್ಕೆ ಒಂದೇ ಬಸ್ಸು. ರೈಲ್ವೆ ಸ್ಟೇಷನ್ ಎದುರಿನ ಚೌಕದಿಂದ ಬೆಳಗ್ಗೆ 8-15ಕ್ಕೆ ಹೊರಡೋದು. ಮೇಲೆ 1,910 ಮೀಟರ್ ಎತ್ತರದ ರಿಫ್ಯೂಜೋ ಸಪಿಯೆಂತ್ಸಾ ಎಂಬ ತಂಗುದಾಣ ತಲಪಿ, ಸಂಜೆ 4-30ಕ್ಕೆ ಅದೇ ಬಸ್ಸು ವಾಪಸು. ಅದು ತಪ್ಪಿದರೆ ಇನ್ನು ನಾಳೆಯೇ. ಹೋಗಿ ಬರಲು ಏಳು ಯೂರೋ ಒಳಗೆ, ಅಂದರೆ ಆಗಿನ ನಮ್ಮ ದುಡ್ಡಿನಲ್ಲಿ ಐನೂರು ಚಿಲ್ಲರೆ. ಟಿಕೆಟ್ ಮೊದಲೇ ಕೌಂಟರಿನಲ್ಲಿ ಕೊಳ್ಳಬೇಕು, ಬಸ್ಸಿನೊಳಗಿನ ಯಂತ್ರದ ಬಾಯಿಗಿಟ್ಟು ಮುದ್ರೆ ಒತ್ತಿಸಬೇಕು. ಕಂಡಕ್ಟರ್ ಇಲ್ಲ, 'ರೈಟ್ ರೈಟ್' ಇಲ್ಲ, ಚಿಲ್ಲರೆ ಜಗಳವೂ ಇಲ್ಲ. ನನಗಂತೂ ಒಂಥರಾ ಬೇಜಾರೇ ಆಯ್ತು!

ಚೀಲದಲ್ಲಿ ಒಂದು ಬಾಟಲಿ ನೀರು, ಗೆಳೆಯನ ದಪ್ಪ ಜಾಕೆಟ್, ಎರಡು ಅರಾಂಚಿನೊ. ಅರಾಂಚಿನೊ ಅಂದರೆ ಅನ್ನದ ಉಂಡೆಯೊಳಗೆ ಪಲ್ಯ ತುಂಬಿ ಎಣ್ಣೆಯಲ್ಲಿ ಕರಿದದ್ದು. ನನ್ನದು ಪಾಲಕ್ ಸೊಪ್ಪಿನದು. ಬೇರೆ ಊರಲ್ಲಿ ಇದು ದುಂಡಗಿರುತ್ತೆ, ಕತಾನಿಯಾದಲ್ಲಿ ಮಾತ್ರ ತುದಿ ಚೂಪು. ಯಾಕೆ ಅಂದರೆ ಅದು ಎಟ್ನಾದ ಆಕಾರವಂತೆ! ತಿಂಡಿಯಲ್ಲೂ ಬೆಟ್ಟವೇ.

ಬೆಟ್ಟ ಇಲ್ಲದೆ ಆ ಊರಲ್ಲಿ ಏನೂ ಇಲ್ಲ. ಮುಖ್ಯ ಬೀದಿಯ ಹೆಸರು ವಿಯಾ ಎತ್ನೇಯಾ. ಅದು ದಾರ ಹಿಡಿದ ಹಾಗೆ ನೆಟ್ಟಗೆ ಬೆಟ್ಟದ ಕಡೆಗೇ ನೋಡುತ್ತೆ. ಮನೆ, ಚರ್ಚು, ರಸ್ತೆಯ ಹಾಸುಗಲ್ಲು ಎಲ್ಲ ಕರಿ ಲಾವಾ ಕಲ್ಲು. ಊರ ನಡುಚೌಕದಲ್ಲಿ ಒಂದು ಆನೆ ನಿಂತಿದೆ, ಅದೂ ಲಾವಾ ಕಲ್ಲಿನದೇ. ಸೊಂಡಿಲೆತ್ತಿಕೊಂಡು ಊರು ಕಾಯುತ್ತೆ ಅಂತ ನಂಬಿಕೆ. ಪರದೇಶದಲ್ಲಿ ಮೊದಲ ದಿನ ಕಂಗಾಲಾಗಿ ನಿಂತಾಗ ನನಗೆ ಧೈರ್ಯ ಹೇಳಿದ್ದು ಆ ಆನೆ.

ಪಕ್ಕದ ಸೀಟಿನ ಭಾಯ್

ಬಸ್ಸು ಅರ್ಧ ತುಂಬಿತ್ತು. ಕ್ಯಾಮೆರಾ ತೂಗಿಹಾಕಿಕೊಂಡ ಪ್ರವಾಸಿಗರ ನಡುವೆ, ಚೀಲ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ ಒಬ್ಬ ನಮ್ಮ ಕಡೆಯ ಮುಖ. ಪಕ್ಕದಲ್ಲಿ ಹೋಗಿ ಕೂತೆ. ಕಣ್ಣು ಬಿಟ್ಟು ನೋಡಿದ.

"ಇಂಡಿಯಾ?"

"ಹೌದು."

"ಶಾರುಖ್ ಖಾನ್!" ಅಂತ ಕೈ ಚಾಚಿದ.

ಆತ ಬಾಂಗ್ಲಾದೇಶದವನು. ವಯಸ್ಸು ಮೂವತ್ತೈದರ ಆಸುಪಾಸು. ಮೇಲೆ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋ ಕೆಲಸ. ಆತನ ಹಿಂದಿ ಪೂರಾ ಸಿನಿಮಾದಿಂದ ಬಂದದ್ದು, ನನ್ನ ಹಿಂದಿಯೂ ಹಾಗೇ! ಹಾಗಾಗಿ ಮಾತು ಮಧ್ಯೆ ಮಧ್ಯೆ ಡೈಲಾಗ್ ಆಗಿಬಿಡೋದು. ನಾನು ನಮ್ಮ ರಾಜಕುಮಾರರ ವಿಷಯ ಹೇಳಿದೆ. ಹಾಡೂ ಹಾಡ್ತಿದ್ದರು, ಫೈಟೂ ಮಾಡ್ತಿದ್ದರು, ಕನ್ನಡ ಬಿಟ್ಟು ಬೇರೆ ಕಡೆ ಹೋದದ್ದು ಇಲ್ಲವೇನೋ ಅನ್ನುವಷ್ಟು ಕಮ್ಮಿ ಅಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಊರು ಬಿಟ್ಟು ಹೋಗದೇನೇ ಅಷ್ಟು ದೊಡ್ಡವರಾದರಾ? ಪುಣ್ಯವಂತರು ಭಾಯ್."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನನಗೆ ಈ ಬಸ್ಸು ಒಂದು ದಿನದ ಮಜಾ. ಆತನಿಗೆ ದಿನದ ಅನ್ನ. ಮನೆಯವರು, ಇಬ್ಬರು ಮಕ್ಕಳು ಊರಲ್ಲಿ. ಮಗಳ ಮುಖ ನೋಡಿ ನಾಲ್ಕು ವರ್ಷ ಆಗಿತ್ತಂತೆ, ಫೋನಿನಲ್ಲಿ ನೋಡೋದು ಬಿಟ್ಟರೆ.

"ಜ್ವಾಲಾಮುಖಿ ಹತ್ತಿದ್ದೀರಾ?" ಅಂತ ಕೇಳಿದೆ.

"ಎರಡು ವರ್ಷದಿಂದ ದಿನಾ ಬರ್ತೀನಿ. ಒಂದು ದಿನವೂ ಹತ್ತಿಲ್ಲ. ಕಿಟಕಿಯಿಂದ ಕಾಣಿಸುತ್ತೆ, ಸಾಕು."

ಬೆಟ್ಟ ಬೆಟ್ಟ

ಊರು ದಾಟಿದ ಮೇಲೆ ಬಸ್ಸು ಏರತೊಡಗಿತು. ನಿಂಬೆ ತೋಟ, ದ್ರಾಕ್ಷಿ ಬಳ್ಳಿ, ಗೋಡೆ ಮೇಲಿಂದ ಇಣುಕುವ ಪಾಪಸುಕಳ್ಳಿ. ನಡುವೆ ಒಬ್ಬ ಮುದುಕಿ ಕೈಚೀಲ ಹಿಡಿದು ಹತ್ತಿದಳು. ನಾನು ಎದ್ದು ಜಾಗ ಕೊಟ್ಟೆ. ಅಷ್ಟಕ್ಕೇ ಅಜ್ಜಿಗೆ ಖುಷಿಯೋ ಖುಷಿ. ಎಲ್ಲಿಗೆ ಅಂತ ಕೇಳಿದಳು. 'ಎಟ್ನಾ' ಅಂದೆ. ತಲೆ ಆಡಿಸಿದಳು. ನಮ್ಮ ಭಾಯ್ ಇಟಾಲಿಯನ್‌ನಿಂದ ಹಿಂದಿಗೆ ತಿರುಗಿಸಿ ಹೇಳಿದ: "ಎಟ್ನಾ ಅನ್ನೋದು ಮ್ಯಾಪಿನಲ್ಲಿ ಅಂತೆ. ಇವರೆಲ್ಲ 'ಆ ಮುಂತಾನ್ಯಾ' ಅಂತಾರೆ. ಬೆಟ್ಟ, ಅಷ್ಟೇ. ಅದೂ ಹೆಣ್ಣು!"

ಇನ್ನೊಂದು ಹಳೇ ಹೆಸರಿದೆ, ಮೊಂಜಿಬೆಲ್ಲೊ. ಲ್ಯಾಟಿನ್ ಮೂಲದ 'ಮೊಂತೆ' ಅಂದರೆ ಬೆಟ್ಟ, ಅರಬ್ಬರು ಸಿಸಿಲಿಯನ್ನು ಆಳಿದ ಕಾಲದಿಂದ ಉಳಿದ 'ಜೆಬೆಲ್' ಅಂದರೂ ಬೆಟ್ಟ. ಎರಡೂ ಸೇರಿ 'ಬೆಟ್ಟ-ಬೆಟ್ಟ'! ನಮ್ಮಲ್ಲಿ 'ನಡುಮಧ್ಯ', 'ಗೇಟುಬಾಗಿಲು' ಅಂತೀವಲ್ಲ, ಹಾಗೆ.

"ಹೆದರಿಕೆ ಆಗೋಲ್ವಾ ಅಜ್ಜಿ?" ಅಂತ ಕೇಳಿಸಿದೆ.

ಅಜ್ಜಿಯ ಉತ್ತರ ಕೇಳಿ ಭಾಯ್ ನಕ್ಕ. "ಲಾವಾ ನಿಧಾನಕ್ಕೆ ಬರುತ್ತೆ, ನಾವು ಎದ್ದು ನಡಕೊಂಡು ಹೋಗಬಹುದು. ಮನೆಗೆ ಕಾಲಿಲ್ಲ, ಅದೇ ತೊಂದರೆ ಅಂತಾಳೆ."

ಸುಳ್ಳಲ್ಲ. ಎಟ್ನಾದ ಲಾವಾ ಹೆಚ್ಚಾಗಿ ಬೆಲ್ಲದ ಪಾಕದ ಹಾಗೆ ತೆವಳಿಕೊಂಡು ಬರುತ್ತೆ. ಜನ ಸಾಯೋದು ಕಮ್ಮಿ. ತೋಟ, ಹೊಲ, ಮನೆ ಉಳಿಯೋದಿಲ್ಲ. 1928ರಲ್ಲಿ ಮಸ್ಕಾಲಿ ಎಂಬ ಊರನ್ನೇ ನುಂಗಿತು. 1992ರಲ್ಲಿ ಜಫೆರಾನಾ ಊರಿನ ಹೊಸ್ತಿಲವರೆಗೂ ಬಂತು. ಮಣ್ಣಿನ ಕಟ್ಟೆ ಕಟ್ಟಿದರು, ಸಿಡಿಮದ್ದು ಇಟ್ಟರು, ಹೆಲಿಕಾಪ್ಟರಿನಿಂದ ಕಾಂಕ್ರೀಟ್ ದಿಮ್ಮಿ ಎತ್ತಿಹಾಕಿದರು. ಊರು ಉಳಿಯಿತು.

ಅಜ್ಜಿ ನಿಕೊಲೊಸಿಯಲ್ಲಿ ಇಳಿದಳು. ಇಳಿಯುವಾಗ ನನ್ನ ಕೆನ್ನೆ ತಟ್ಟಿ, ಜಾಕೆಟ್ ಗುಂಡಿ ಹಾಕ್ಕೋ ಅಂತ ಕೈಸನ್ನೆ ಮಾಡಿ ಹೋದಳು. ಅಜ್ಜಿಯರು ಯಾವ ದೇಶದಲ್ಲಾದರೂ ಅಜ್ಜಿಯರೇ!

ಹಳೇ ಫೈಟಿಂಗ್ ಸೀನ್

ನಿಕೊಲೊಸಿಯ ಪಕ್ಕದಲ್ಲಿ ಮೋಂತಿ ರೊಸ್ಸಿ ಅಂತ ಕೆಂಪು ಗುಡ್ಡವಿದೆ. 1669ರ ಮಾರ್ಚಿನಲ್ಲಿ ನೆಲ ಬಿರಿದು ಹುಟ್ಟಿದ ಗುಡ್ಡ ಅದು. ಅಲ್ಲಿಂದ ಹೊರಟ ಲಾವಾ ಹಳ್ಳಿಗಳನ್ನು ಮುಚ್ಚುತ್ತಾ ಕತಾನಿಯಾ ಕೋಟೆಗೋಡೆಗೆ ಬಂದು ಒರಗಿತು. ಆಗ ನಡೆದದ್ದು ಯಾವ ಸಾಹಸ ನಿರ್ದೇಶಕನಿಗೂ ಹೊಳೆಯದ ಫೈಟ್. ಕತಾನಿಯಾದ ಐವತ್ತರಷ್ಟು ಗಂಡಸರು ಒದ್ದೆ ಚರ್ಮ ಹೊದ್ದು, ಹಾರೆ ಗುದ್ದಲಿ ಹಿಡಿದು ಮೇಲೆ ಹೋಗಿ, ಗಟ್ಟಿಯಾಗಿದ್ದ ಲಾವಾ ದಂಡೆಯನ್ನು ಒಡೆದರಂತೆ. ಹೊಳೆ ಪಕ್ಕಕ್ಕೆ ತಿರುಗಿತು. ಎಲ್ಲಿಗೆ? ಪತೆರ್ನೊ ಎಂಬ ಊರ ಕಡೆಗೆ! ಆ ಊರಿನ ನೂರಾರು ಜನ ಆಯುಧ ಹಿಡಿದು ಓಡಿ ಬಂದು ಇವರನ್ನು ಅಟ್ಟಿದರಂತೆ. ಒಡೆದ ಬಾಯಿ ಮತ್ತೆ ಮುಚ್ಚಿಕೊಂಡಿತು, ಲಾವಾ ಕತಾನಿಯಾಕ್ಕೇ ಬಂತು. ಇದರಲ್ಲಿ ಹೀರೋ ಯಾರು, ವಿಲನ್ ಯಾರು, ನೀವೇ ಹೇಳಿ. ನಾನಂತೂ ತೀರ್ಪು ಕೊಡಲಾರೆ. ಊರಿನ ಉರ್ಸೀನೊ ಕೋಟೆ ಆವರೆಗೆ ಸಮುದ್ರದ ದಡದಲ್ಲಿತ್ತು. ಲಾವಾ ಸಮುದ್ರವನ್ನೇ ಹಿಂದಕ್ಕೆ ತಳ್ಳಿತು. ಇಂದು ಕೋಟೆ ಊರೊಳಗಿದೆ.

ಬಸ್ಸು ತಿರುವು ತಿರುವಾಗಿ ಏರಿದಂತೆ ಮರಗಳು ಮುಗಿದವು. ಬಣ್ಣದ ಚಿತ್ರ ಇದ್ದಕ್ಕಿದ್ದ ಹಾಗೆ ಕಪ್ಪು-ಬಿಳುಪಾಯಿತು! ಎರಡೂ ಕಡೆ ಉತ್ತು ಬಿಟ್ಟ ಹೊಲದ ಹಾಗೆ ಕರಿ ಹೆಂಟೆ, ಕರಿ ಕಲ್ಲು. ರಸ್ತೆ ಪಕ್ಕದಲ್ಲಿ ಛಾವಣಿಯವರೆಗೂ ಲಾವಾ ಮುಚ್ಚಿದ ಒಂದು ಮನೆ, ಹೆಂಚು ಮಾತ್ರ ಕಾಣಿಸ್ತಾ ಇದೆ. ಬಸ್ಸಿನಲ್ಲಿ ಮಾತು ನಿಂತಿತು.

ಎರೆ ಹೊಲದ ಅಜ್ಜ

ಹತ್ತೂಕಾಲಿಗೆ ಇಳಿದೆವು. "ನಾಲ್ಕೂವರೆ, ಭಾಯ್. ಮರೀಬೇಡ. ಇಲ್ಲಿ ರಾತ್ರಿ ಭಾಳ ಚಳಿ" ಅಂತ ಬೆರಳೆತ್ತಿ ಹೇಳಿ ಆತ ಹೋಟೆಲಿನ ಹಿಂಬಾಗಿಲಿಗೆ ಹೋದ.

ಮೊದಲು ಬಸ್ ನಿಲ್ದಾಣದ ಪಕ್ಕದಲ್ಲೇ ಇರುವ ಸಿಲ್ವೆಸ್ತ್ರಿ ಕುಳಿಗಳನ್ನು ನೋಡಿದೆ. 1892ರಲ್ಲಿ ಸಿಡಿದು ಹುಟ್ಟಿದವು, ಈಗ ತಣ್ಣಗಿವೆ. ಬಾಣಲೆಯ ಆಕಾರ, ಒಳಗೆಲ್ಲ ಕೆಂಪು-ಕಂದು ಪುಡಿ. ಮಕ್ಕಳು ಜಾರಿ ಆಡ್ತಾ ಇದ್ದರು. ಎಟ್ನಾಗೆ ಇರೋದು ಒಂದು ಬಾಯಲ್ಲ. ತಲೆಯ ಮೇಲೆ ನಾಲ್ಕು ದೊಡ್ಡ ಬಾಯಿ, ಮೈಮೇಲೆ ಇಂಥ ಹಳೇ ಗಾಯದ ಗುಡ್ಡಗಳು ನೂರಾರು. ಎಲ್ಲಿ ಬೇಕಾದರೂ ಬಿರಿಯಬಹುದು.

ಅಲ್ಲಿಂದ 2,500 ಮೀಟರಿಗೆ ಕೇಬಲ್ ಕಾರ್ ಇದೆ. ಅದರ ಟಿಕೆಟ್ ದರ ನೋಡಿದೆ. ನನ್ನ ಒಂದು ವಾರದ ಊಟ! ನಡೆದೇ ಹೊರಟೆ. ಶಿಖರಕ್ಕೆ ಗೈಡ್ ಇಲ್ಲದೆ ಬಿಡೋದಿಲ್ಲ, ಅದು ಸರಿಯೇ. 2017ರ ಮಾರ್ಚಿನಲ್ಲಿ ಲಾವಾ ಹಿಮದ ಮೇಲೆ ಹರಿದು, ನೀರು ಉಗಿಯಾಗಿ ಸಿಡಿದು, ಬಿ.ಬಿ.ಸಿ. ತಂಡದವರೂ ಸೇರಿ ಹತ್ತು ಮಂದಿಯಷ್ಟು ಗಾಯಗೊಂಡಿದ್ದರು. ಆದರೆ ಕೇಬಲ್ ಕಾರಿನ ಮೇಲಿನ ನಿಲ್ದಾಣದವರೆಗೆ ನಮ್ಮಂಥ ಕಾಲಾಳುಗಳಿಗೆ ಅಡ್ಡಿಯಿಲ್ಲ.

ಆರುನೂರು ಮೀಟರ್ ಏರು. ಕೇಳೋಕೆ ಸುಲಭ. ಕಾಲ ಕೆಳಗೆ ಕಲ್ಲಲ್ಲ, ಹುರಿಗಡಲೆ ಹರಡಿದ ಹಾಗೆ ಸಡಿಲ ಹರಳು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ತಲೆಯ ಮೇಲೆ ಕೇಬಲ್ ಕಾರಿನ ಜನ ಕೈಬೀಸಿಕೊಂಡು ಹೋಗ್ತಾ ಇದ್ದರು, ಬಾಲ್ಕನಿ ಟಿಕೆಟ್‌ನವರು!

ಅರ್ಧ ದಾರಿಯಲ್ಲಿ ಉಸಿರು ಬಿಡಲು ಕೂತು ಒಂದು ಹಿಡಿ ಎತ್ತಿಕೊಂಡೆ. ನೋಡ್ತಾ ನೋಡ್ತಾ ಎದೆ ಧಸಕ್ ಅಂತು. ಈ ಬಣ್ಣ ನನಗೆ ಗೊತ್ತು! ನಾನು ವಿಜಯಪುರ ಜಿಲ್ಲೆಯವನು. ನಮ್ಮ ಎರೆ ಹೊಲದ ಕಪ್ಪು, ಗೋಳಗುಮ್ಮಟದ ಕಲ್ಲಿನ ಕಪ್ಪು ಇದೇ ಮನೆತನದ್ದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು, ಲಾವಾ ಪದರದ ಮೇಲೆ ಪದರವಾಗಿ ಹರಿದು ತಣ್ಣಗಾಯಿತು. ಆ ಕಲ್ಲು ಕರಗಿ, ಪುಡಿಯಾಗಿ, ಮಣ್ಣಾಗಿ ನಮಗೆ ಜೋಳ, ಹತ್ತಿ ಕೊಟ್ಟಿತು. 1656ರಲ್ಲಿ ಆದಿಲ್‌ಶಾಹಿಗಳು ಆ ಕಲ್ಲಿನಲ್ಲಿ ಗುಮ್ಮಟ ಮುಗಿಸಿದರು. ಹದಿಮೂರು ವರ್ಷಕ್ಕೆ ಇಲ್ಲಿ ಅದೇ ಜಾತಿಯ ಕಲ್ಲು ಕಾದು ಹರಿದು ಕತಾನಿಯಾಕ್ಕೆ ನುಗ್ಗಿತು. ಸಿಸಿಲಿಯ ಜನ ಮತ್ತೆ ಮತ್ತೆ ಈ ಬೆಟ್ಟದ ಬುಡಕ್ಕೇ ಯಾಕೆ ಬಂದು ಮನೆ ಕಟ್ಟುತ್ತಾರೆ ಅನ್ನೋದು ನನಗೆ ಪುಸ್ತಕ ಓದದೇ ಅರ್ಥವಾಯ್ತು. ಈ ಮಣ್ಣು ಬೆಳೆ ಕೊಡುತ್ತೆ. ಬ್ರೊಂತೆಯ ಪಿಸ್ತಾ, ತಪ್ಪಲಿನ ದ್ರಾಕ್ಷಿ, ನಿಂಬೆ ಎಲ್ಲ ಈ ಬೆಂಕಿಯ ಮಕ್ಕಳು. ನಮ್ಮ ಅಪ್ಪನಿಗೆ ಯಾರಾದರೂ 'ಹೊಲ ಬಿಟ್ಟು ಬಾ' ಅಂದರೆ ಬರ್ತಾರಾ? ಅಜ್ಜಿಯೂ ಬರೋಲ್ಲ.

ಒಂದೂಕಾಲಿಗೆ 2,500 ಮೀಟರ್. ಅಲ್ಲಲ್ಲಿ ಹಿಮ ಇನ್ನೂ ಉಳಿದಿತ್ತು, ಮೇಲೆ ಬೂದಿ ಉದುರಿ ಕೊಳೆಯಾದ ಹಿಮ. ಮುಂದೆ ಶಿಖರ. ಅದರ ನೆತ್ತಿಯಿಂದ ಬಿಳೀ ಹೊಗೆ ಸದ್ದಿಲ್ಲದೆ ಏಳ್ತಾ ಇತ್ತು. ಗಾಳಿ ಈ ಕಡೆ ತಿರುಗಿದಾಗ ಗಂಧಕದ ವಾಸನೆ, ದೀಪಾವಳಿಯ ಮರುದಿನದ ಬೀದಿಯ ಹಾಗೆ. ಕೆಂಪು ಬೆಂಕಿ ಇಲ್ಲ, ಢಮಾರ್ ಇಲ್ಲ. ಆದರೂ ನನ್ನ ಮೈಮೇಲೆ ಮುಳ್ಳೆದ್ದಿತು. ದೊಡ್ಡ ನಟ ಪರದೆಗೆ ಬಂದು ಏನೂ ಮಾತಾಡದೆ ಸುಮ್ಮನೆ ನಿಲ್ತಾನಲ್ಲ, ಥಿಯೇಟರು ಸ್ತಬ್ಧ ಆಗುತ್ತಲ್ಲ... ಅದೇ. ಕೆಳಗೆ ನೀಲಿ ಸಮುದ್ರ, ಕತಾನಿಯಾದ ಕೊಲ್ಲಿ. ಅರಾಂಚಿನೊ ತಣ್ಣಗಾಗಿತ್ತು. ಅಷ್ಟು ರುಚಿ ಊಟ ನಾನು ಮಾಡಿಲ್ಲ.

ಮೋಡದೊಳಗೆ

ಎರಡು ಗಂಟೆಗೆ ಇಳಿಯಲು ಶುರು ಮಾಡಿದೆ. ಇಳಿಯಲು ಒಂದೂಕಾಲು ಗಂಟೆ ಸಾಕು, ಬಸ್ಸಿಗೆ ಬೇಕಾದಷ್ಟು ಸಮಯ. ಹತ್ತು ನಿಮಿಷಕ್ಕೆ ಸಮುದ್ರ ಮಾಯವಾಯಿತು. ಆಮೇಲೆ ಕೆಳಗಿನ ನಿಲ್ದಾಣ ಮಾಯ. ಆಮೇಲೆ ನನ್ನ ಬೂಟು! ಸಮುದ್ರದ ಹಸಿ ಗಾಳಿ ಬಿಸಿಲಿಗೆ ಕಾದು ಬೆಟ್ಟದ ಮೈ ಹಿಡಿದು ಏರುತ್ತೆ, ಮೇಲೆ ಹೋದಂತೆ ತಣ್ಣಗಾಗಿ ಮೋಡವಾಗುತ್ತೆ. ಮಧ್ಯಾಹ್ನದ ಮೇಲೆ ಎಟ್ನಾದಲ್ಲಿ ಇದು ದಿನನಿತ್ಯದ ಆಟ. ಗಾಳಿಯೂ ಜೋರಾಯಿತು. ತಲೆಯ ಮೇಲೆ ಕೇಬಲ್ ಕಾರಿನ ಗರ್ ಗರ್ ಸದ್ದು ನಿಂತಿತು.

ಮೋಡದಲ್ಲಿ ಯಾರೋ ಕೂಗಿದರು. ಹೋಗಿ ನೋಡಿದರೆ ವಯಸ್ಸಾದ ಜರ್ಮನ್ ದಂಪತಿಗಳು. ಆಕೆಯ ಕಾಲು ಉಳುಕಿ ಕೂತುಬಿಟ್ಟಿದ್ದರು. ಗಂಡನಿಗೆ ಯಾವ ಕಡೆ ಹೋಗಬೇಕೋ ದಿಕ್ಕು ತೋಚದು. ಅವರ ಕಾರು ಕೆಳಗಿತ್ತು. ನನ್ನ ಬಸ್ಸೂ ಕೆಳಗೇ, ಆದರೆ ನನ್ನದು ಕಾಯೋದಿಲ್ಲ.

"ನಿನ್ನ ಬಸ್ಸಿಗೆ ನೀನು ಹೋಗಪ್ಪ, ನಾವು ನಿಧಾನವಾಗಿ ಬರ್ತೀವಿ" ಅನ್ನೋ ಅರ್ಥದಲ್ಲಿ ಆತ ಇಂಗ್ಲಿಷಿನಲ್ಲಿ ಹೇಳಿದರು. ಮುಖ ಮಾತ್ರ ಬೇರೇನೋ ಹೇಳ್ತಾ ಇತ್ತು.

ಹೇಗೆ ಹೋಗೋದು? ಆಕೆಗೆ ನನ್ನ ಹೆಗಲು ಕೊಟ್ಟೆ. ಯಜಮಾನರನ್ನು ಮುಂದೆ ಬಿಟ್ಟೆ. ಒಂದು ಉಪಾಯ ಹೊಳೆಯಿತು. ಕೇಬಲ್ ಕಾರಿನ ಕಂಬಗಳು ನೇರವಾಗಿ ಕೆಳಗಿನ ನಿಲ್ದಾಣಕ್ಕೇ ಹೋಗುತ್ತವಲ್ಲ! ಒಂದು ಕಂಬ ಮುಟ್ಟೋದು, ಮೋಡ ಕೊಂಚ ಹರಿಯುವವರೆಗೆ ಕಾಯೋದು, ಮುಂದಿನ ಕಂಬದ ನೆರಳು ಕಂಡ ಕೂಡಲೇ ಅದರ ಕಡೆ ನಡೆಯೋದು. ಕಣ್ಣಾಮುಚ್ಚಾಲೆ! ಒಂದು ಕಂಬದ ಬಳಿ ಇಪ್ಪತ್ತು ನಿಮಿಷ ಏನೂ ಕಾಣಲಿಲ್ಲ. ಆಕೆ ನಡುಗ್ತಾ ಇದ್ದರು. ಜಾಕೆಟ್ ಕೊಟ್ಟೆ. ಗಡಿಯಾರ ಮೂರೂವರೆ... ಮೂರೂಮುಕ್ಕಾಲು... ನಾಲ್ಕು. ಬೆಟ್ಟದ ಮೇಲೆ ರಾತ್ರಿ ಕಳೆಯೋಕೆ ನನ್ನ ಹತ್ತಿರ ದುಡ್ಡಿರಲಿಲ್ಲ, ಮರುದಿನ ಬೆಳಗ್ಗೆ ಪರೀಕ್ಷೆ ಬೇರೆ. ಹೇಳಿಕೊಳ್ಳೋಣ ಅಂತ ಬಾಯಿ ತೆರೆದವನು ಆಕೆಯ ಕಾಲು ನೋಡಿ ಮುಚ್ಚಿಕೊಂಡೆ.

ಕಡೆಗೆ ಒಂದು ಕಡೆ ಮೋಡ ಪರದೆ ಸರಿಸಿದ ಹಾಗೆ ಸರಿಯಿತು. ಕೆಳಗೆ ತಂಗುದಾಣದ ಛಾವಣಿ, ನಿಂತ ಕಾರುಗಳು! ದಾರಿ ಇನ್ನು ತಪ್ಪುವ ಹಾಗಿಲ್ಲ. ಯಜಮಾನರು ನನ್ನ ಜಾಕೆಟ್ ಹೆಂಡತಿಯ ಮೈಮೇಲಿಂದ ತೆಗೆದು ನನ್ನ ಕೈಗಿಟ್ಟು, "ಓಡು!" ಅಂದರು. ಆ ಒಂದು ಪದಕ್ಕೆ ಯಾವ ಭಾಷೆಯೂ ಬೇಡ. ಗಂಟೆ ನಾಲ್ಕೂ ಇಪ್ಪತ್ತು.

ಒಂದು ಕಾಲು ಮೆಟ್ಟಿಲ ಮೇಲೆ

ಹತ್ತುವಾಗ ಎರಡು ಹೆಜ್ಜೆಗೆ ಒಂದು ಹೆಜ್ಜೆ ಕಸಿದುಕೊಂಡ ಆ ಮರಳು, ಇಳಿಯುವಾಗ ಬಡ್ಡಿ ಸಮೇತ ವಾಪಸು ಕೊಟ್ಟಿತು. ಒಂದು ಹೆಜ್ಜೆಗೆ ಮೂರು ಹೆಜ್ಜೆ ಜಾರಿದೆ. ಬೂಟಿನ ತುಂಬ ಹರಳು, ಕಣ್ಣಿನ ತುಂಬ ಧೂಳು. ಕಾರು ನಿಲ್ಲಿಸುವ ಜಾಗಕ್ಕೆ ಬಂದಾಗ ನಾಲ್ಕೂವರೆ ದಾಟಿ ಎರಡು ನಿಮಿಷ. ಇಂಜಿನ್ ಶಬ್ದ ಕೇಳಿಸ್ತು. ಮುಗೀತು ಅಂದುಕೊಂಡೆ.

ಬಸ್ಸು ಅಲ್ಲೇ ಇತ್ತು! ಮುಂಬಾಗಿಲು ತೆರೆದೇ ಇತ್ತು. ಬಾಗಿಲಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ನಮ್ಮ ಭಾಯ್ ನಿಂತಿದ್ದ. ಒಳಗಿಂದ ಡ್ರೈವರ್ ಕೈ ಆಡಿಸಿ ಏನೋ ಹೇಳ್ತಾ ಇದ್ದಾನೆ, ಈತ ಎದೆಯ ಮೇಲೆ ಕೈಯಿಟ್ಟು ಏನೋ ಬೇಡ್ತಾ ಇದ್ದಾನೆ. ಕಾಲು ಮಾತ್ರ ತೆಗೀತಾ ಇಲ್ಲ. ಆ ಕಾಲು ಒಳಗೆ ಬಂದರೆ ತಾನೇ ಬಾಗಿಲು ಮುಚ್ಚೋದು!

ನಾನು ಬಂದು ಬಿದ್ದೆ. ಡ್ರೈವರ್ ಗಡಿಯಾರ ತೋರಿಸಿ ಏನೋ ಗೊಣಗಿದ. ಆಮೇಲೆ ನನ್ನ ಮುಖದ ಮಸಿ ನೋಡಿ ನಕ್ಕುಬಿಟ್ಟ. ಬಸ್ಸು ಹೊರಟಿತು.

"ಏನು ಹೇಳಿದಿರಿ ಅವನಿಗೆ?"

"ನನ್ನ ತಮ್ಮ ಅಂದೆ."

ನನಗೆ ಮಾತು ಬರಲಿಲ್ಲ. ಬೆಳಗ್ಗೆ ಎರಡು ಗಂಟೆ ಪರಿಚಯ. ಹೆಸರು ಕೂಡ ಆಗ ಕೇಳಿದೆ. ಆತ ಕಿಟಕಿ ಕಡೆ ತಿರುಗಿ, ಸಾಧಾರಣ ಮಾತಿನ ಹಾಗೆ ಹೇಳಿದ: "ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಪಾತ್ರೆ ಮುಗೀಲಿಲ್ಲ, ಬಸ್ಸು ಹೋಯ್ತು. ಒಬ್ಬನೇ ಒಂದು ರಾತ್ರಿ ಉಳಿದೆ. ಆ ರಾತ್ರಿ ನನಗೆ ಗೊತ್ತು ಭಾಯ್. ಅಷ್ಟೇ."

ಇಳಿಯುವ ದಾರಿಯಲ್ಲಿ ನಾನು ಹಿಡಿದದ್ದು ನಾಲ್ಕು ಫೋಟೋ, ಕಿಸೆಯಲ್ಲಿ ಬೆರಳಷ್ಟು ದೊಡ್ಡ ಒಂದು ಕರಿ ಕಲ್ಲು. ಫೋಟೋದಲ್ಲಿದ್ದದ್ದೆಲ್ಲ ಬರೀ ಮೋಡ! ಆತನಿಗೆ ಹಿಂದಿನ ಸೀಟಿನವರು ತೆಗೆದ ಶಿಖರದ ಫೋಟೋ ತೋರಿಸಿದೆವು. ಬಹಳ ಹೊತ್ತು ನೋಡಿದ. ಅದನ್ನು ತನ್ನ ಫೋನಿಗೆ ಕಳಿಸಿಕೊಂಡು, ಮಗಳಿಗೆ ಕಳಿಸಿದ. ಕೆಳಗೆ ಏನು ಬರೆದ ಅಂತ ಕೇಳಲಿಲ್ಲ.

ಬೂದಿಯ ಕಾಲ

ನಾನು ಊರಿಗೆ ಬಂದ ಮೇಲೂ ಎಟ್ನಾ ಸುದ್ದಿ ನಿಲ್ಲಲಿಲ್ಲ. 2018ರ ಡಿಸೆಂಬರ್ 24ಕ್ಕೆ ಸಿಡಿಯಿತು. ಎರಡು ದಿನಕ್ಕೆ ತಪ್ಪಲಿನ ಹಳ್ಳಿಗಳಲ್ಲಿ ಭೂಕಂಪ ಆಗಿ ಮನೆಗಳು ಬಿರುಕು ಬಿಟ್ಟವು. 2021ರ ಫೆಬ್ರವರಿ 16ರಂದು ಶಿಖರದಿಂದ ಬೆಂಕಿಯ ಕಾರಂಜಿ ಎದ್ದು, ಕತಾನಿಯಾದ ಬೀದಿ ಬೀದಿಗೂ ಕರಿ ಬೂದಿ, ಹರಳು ಮಳೆಯಾಗಿ ಸುರಿಯಿತು. ವಿಮಾನ ನಿಲ್ದಾಣ ಮುಚ್ಚಿದರು. ಟಿ.ವಿ.ಯಲ್ಲಿ ನೋಡಿದವನೇ ಆತನಿಗೆ ಫೋನ್ ಮಾಡಿದೆ.

"ಏನು ಮಾಡ್ತಾ ಇದ್ದೀರಿ ಭಾಯ್?"

"ಬೂದಿ ಗುಡಿಸ್ತಾ ಇದ್ದೀನಿ! ಮನೆ ಓನರ್ ಮಾಳಿಗೆಯದು. ಚೀಲಕ್ಕೆ ತುಂಬಿ ತುಂಬಿ ಕೈ ಸೋತುಹೋಯ್ತು."

"ಬೆಟ್ಟಕ್ಕೆ ಬೈತೀರೋ ಇಲ್ಲವೋ?"

ಆ ಕಡೆಯಿಂದ ಪೊರಕೆಯ ಸದ್ದು ನಿಂತಿತು. "ಬೈಯೋದಾ? ಈ ಬೆಟ್ಟ ಇದೆ ಅಂತ ಜನ ಬರ್ತಾರೆ. ಜನ ಬರ್ತಾರೆ ಅಂತ ಪಾತ್ರೆ ಇದೆ. ಪಾತ್ರೆ ಇದೆ ಅಂತ ನನ್ನ ಮಗಳು ಸ್ಕೂಲಿಗೆ ಹೋಗ್ತಾಳೆ."

2025ರ ಜೂನ್ 2ರಂದು ಶಿಖರದ ಒಂದು ಮಗ್ಗುಲು ಕುಸಿದು, ಬಿಸಿ ಬೂದಿಯ ಮೋಡ ಉರುಳಿ ಬಂದಾಗ ಪ್ರವಾಸಿಗರು ಓಡುವ ಚಿತ್ರಗಳನ್ನು ನೀವೂ ನೋಡಿರಬೇಕು. ಆ ಹೊತ್ತಿಗೆ ಆತ ಊರಿಗೆ ಹೋಗಿ ಬಂದಿದ್ದ. ಮಗಳು ಆತನ ಹೆಗಲೆತ್ತರ ಆಗಿದ್ದಾಳಂತೆ. ಜೊತೆಯಲ್ಲಿ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದ್ದ.

ಗೆಳೆಯರೇ, ನೀವು ಯಾವತ್ತಾದರೂ ಆ ಕಡೆ ಹೋದರೆ ಗಟ್ಟಿ ಬೂಟು ಹಾಕಿ, ಜಾಕೆಟ್ ಒಯ್ಯಿರಿ, ಬೆಳಗ್ಗೆಯೇ ಹತ್ತಿ, ಬಸ್ಸಿನ ವೇಳೆ ಮೊದಲೇ ವಿಚಾರಿಸಿ. ಮೋಡ ಬಂದರೆ ಕಂಬ ಹಿಡಿಯಿರಿ. ಮತ್ತೆ, ಬಸ್ಸಿನಲ್ಲಿ ಪಕ್ಕದವನು ತೂಕಡಿಸ್ತಾ ಇದ್ದರೂ ಸರಿ, ಒಂದು ಮಾತಾಡಿಸಿ. ಶಾರುಖ್ ಅಂದರೂ ಆಯ್ತು, ರಾಜಣ್ಣ ಅಂದರೂ ಆಯ್ತು.